ಅಪ್‌ಡೇಟ್: ಹಾಲು ಕೊನೆಗೂ ನೊರೆಯೆದ್ದಿತು

ಬೇಕರಿ ಯೀಸ್ಟ್ ಹಾಕಿದ ಹಾಲು ಮೂರು ದಿನವಾದರೂ ನೊರೆಯೇಳದೆ ಒಡೆದುಹೋಗುತ್ತಿದೆ, ಕುಮಿಸ್‌ನಂಥ (ಕುದುರೆ ಹಾಲನ್ನು ಹುದುಗಿಸಿ ಮಾಡುವ) ಪಾನೀಯ ಮಾಡುವುದು ಹೇಗೆ ಎಂದು ಹತ್ತು ದಿನಗಳ ಹಿಂದೆ ಪುಣೆಯ ಕೋಥ್ರೂಡ್‌ನಿಂದ ಕೇಳಿದ್ದವನು ನಾನೇ. ಯೀಸ್ಟನ್ನು ಇಮ್ಮಡಿಗೊಳಿಸುವ ಸಲಹೆಯಿಂದ ಏನೂ ಆಗಲಿಲ್ಲ. ಸಕ್ಕರೆ ಬೆರೆಸಿದಾಗ ಗುಳ್ಳೆಗಳೇನೋ ಎದ್ದವು, ಆದರೆ ಹುದುಗಿದ್ದು ಆ ಸಕ್ಕರೆಯೇ ಹೊರತು ಹಾಲಲ್ಲ. ಬೇಕರಿ ಯೀಸ್ಟಿಗೆ ಹಾಲಿನ ಸಹಜ ಸಕ್ಕರೆಯಾದ ಲ್ಯಾಕ್ಟೋಸನ್ನು ಒಡೆಯುವ ಶಕ್ತಿಯಿಲ್ಲ, ಅದನ್ನು ಬಲ್ಲ ಯೀಸ್ಟುಗಳು ಕೆಫೀರ್ ಎಂಬ ಹುಳಿ ಹಾಲಿನ ಪಾನೀಯಕ್ಕೆ ಹೆಪ್ಪಾಗಿ ಬಳಸುವ ಕೆಫೀರ್ ಕಾಳುಗಳಲ್ಲಿ (ಬ್ಯಾಕ್ಟೀರಿಯಾ, ಯೀಸ್ಟುಗಳ ಮೆತ್ತನೆಯ ಗಂಟುಗಳು) ಇರುತ್ತವೆ ಎಂದು ಬರೆದವರ ಮಾತೇ ಸರಿಯಾಯಿತು.

ಕಾಯಿಸಿ ಆರಿಸಿದ ಅರ್ಧ ಲೀಟರ್ ಹಸುವಿನ ಹಾಲಿಗೆ, ಹೂಕೋಸಿನ ಚೂರುಗಳಂತೆ ಕಾಣುವ ಎರಡು ಚಮಚ ಕಾಳುಗಳನ್ನು ಹಾಕಿ ಒಂದು ದಿನ ಬಿಟ್ಟು, ಸೋಸಿ, ಬಾಟಲಿಗೆ ತುಂಬಿ ಮತ್ತೊಂದು ದಿನ ಮುಚ್ಚಿಟ್ಟೆ. ಮುಚ್ಚಳ ತಿರುಗಿಸುತ್ತಲೇ ಸೋಡಾದಂತೆ ‘ಟಸ್’ ಎಂದು ಸದ್ದಾಗಿ ಅಡುಗೆಕಟ್ಟೆಯ ಮೇಲೆಲ್ಲ ನೊರೆ ಹರಿಯಿತು. ಬಾಟಲಿಯನ್ನು ಪೂರ್ತಿ ತುಂಬಬೇಡಿ ಎಂದಿದ್ದವರು ಕ್ಷಮಿಸಬೇಕು. ರುಚಿ ಹುಳಿ ಮಜ್ಜಿಗೆಯದೇ, ನಾಲಿಗೆಗೆ ತುಸು ಚುರುಕು. ಅಮಲಂತೂ ಇಲ್ಲ, ಏಕೆಂದರೆ ಕೆಫೀರಿನಲ್ಲಿ ಮದ್ಯಸಾರ ಸಾಮಾನ್ಯವಾಗಿ ಶೇ. 1ನ್ನೂ ಮುಟ್ಟುವುದಿಲ್ಲ.

ನನಗೆ ಅಚ್ಚರಿಯೆನಿಸಿದ್ದು ಬೇರೆ: ಮಧ್ಯ ಏಷ್ಯಾದವರು ಕುಮಿಸ್‌ಗೆ ಬಳಸುವ ಕುದುರೆ ಹಾಲಿನಲ್ಲಿ ಲ್ಯಾಕ್ಟೋಸ್ ಶೇ. 6ಕ್ಕೂ ಹೆಚ್ಚು, ಹಸುವಿನ ಹಾಲಿನಲ್ಲಿ ಶೇ. 5ಕ್ಕಿಂತ ಕಡಿಮೆ. ಎಮ್ಮೆ ಹಾಲಿನಲ್ಲಿಯೂ ಒಮ್ಮೆ ಮಾಡಿನೋಡಿದೆ. ಅದು ಕುಡಿಯಲಾಗದಷ್ಟು ಗಟ್ಟಿಯಾಗಿ, ಕೊನೆಗೆ ಚಪಾತಿಯ ಹಿಟ್ಟಿಗೆ ಸೇರಿತು.