ತಡವಾಗಿ ಮಲ್ಲಿಕಾರ್ಜುನ ಮನ್ಸೂರರನ್ನು ಕೇಳಲು ಶುರು ಮಾಡಿದವರು ಇದ್ದೀರಾ? ಸ್ವಲ್ಪ ದಾರಿ ಹೇಳಿ

ಜಯನಗರದಿಂದ, ಕೇಳುತ್ತಿರುವವರು

ನಮ್ಮ ಮನೆಯಲ್ಲಿ ಮೊದಲಿಂದಲೂ ಕರ್ನಾಟಕ ಸಂಗೀತವೇ. ಚಾಮರಾಜಪೇಟೆಯ ರಾಮನವಮಿ ಕಚೇರಿಗಳಿಗೆ ಅಪ್ಪನ ಜೊತೆ ಹೋಗುತ್ತಿದ್ದೆ. ಹಿಂದೂಸ್ತಾನಿ ಗಾಯಕ ಮನ್ಸೂರರ ಹೆಸರು ಗೊತ್ತಿತ್ತು, ಅಷ್ಟೇ. ಈಗ 58ನೇ ವಯಸ್ಸಿನಲ್ಲಿ, ಮೊಬೈಲಿನಲ್ಲಿ ಆಕಾಶವಾಣಿಯ ಶಾಸ್ತ್ರೀಯ ಸಂಗೀತದ ಚಾನೆಲ್ ‘ರಾಗಂ’ ಹಾಕಿಕೊಂಡು ಅಡುಗೆ ಮಾಡುವಾಗ ಅವರ ಹಾಡು ಬಂತು. ಒಲೆ ಆರಿಸಿ ಪೂರ್ತಿ ಕೇಳಿದೆ. ಇನ್ನೂ ಕೇಳಬೇಕು ಅನ್ನಿಸುತ್ತಿದೆ. ಆದರೆ ಯೂಟ್ಯೂಬ್ ತೆರೆದರೆ ರಾಶಿ ರಾಶಿ ಇದೆ, ಎಷ್ಟೋ ರಾಗಗಳ ಹೆಸರನ್ನೇ ನಾನು ಕೇಳಿಲ್ಲ. ಎಲ್ಲಿಂದ ಶುರು ಮಾಡಲಿ? ಹಿಂದೂಸ್ತಾನಿ ಕಲಿಯದೆ ಇದು ದಕ್ಕುತ್ತದಾ?

ಬಸವನಗುಡಿಯಿಂದ

ಮೇಡಂ, ನಾನೂ ರಿಟೈರ್ ಆದ ಮೇಲೆಯೇ ಅವರನ್ನು ಕೇಳಲು ಕೂತವನು. ಕಲಿತೇ ಕೇಳಬೇಕು ಅಂತ ಏನೂ ಇಲ್ಲ. ವಚನದಿಂದ ಶುರು ಮಾಡಿ. ಅಕ್ಕಮಹಾದೇವಿಯ ‘ಅಕ್ಕ ಕೇಳವ್ವಾ’ ಅವರ ದನಿಯಲ್ಲಿ ಸುಲಭವಾಗಿ ಸಿಗುತ್ತದೆ. ಮಾತು ನಮ್ಮದೇ, ಹಾಗಾಗಿ ಅರ್ಥ ಹುಡುಕುವ ಕೆಲಸ ಇರುವುದಿಲ್ಲ, ಕಿವಿ ಪೂರ್ತಿ ದನಿಯ ಮೇಲೆ ನಿಲ್ಲುತ್ತದೆ. ಒಂದೇ ಪದವನ್ನು ಅವರು ಮತ್ತೆ ಮತ್ತೆ ಹಿಡಿದು, ಪ್ರತಿ ಸಲವೂ ಬೇರೆ ಕಡೆಯಿಂದ ಹೇಗೆ ಎತ್ತುತ್ತಾರೆ ಕೇಳಿ. ಖಯಾಲಿನಲ್ಲೂ (ಹಿಂದೂಸ್ತಾನಿಯ ಮುಖ್ಯ ಹಾಡಿಕೆಯ ಬಗೆ) ಮಾಡುವುದು ಇದನ್ನೇ, ಅಲ್ಲಿ ಜಾಗ ಜಾಸ್ತಿ.

ಖಯಾಲಿಗೆ ಬಂದಾಗ ಒಂದು ವಿಷಯ ಗೊತ್ತಿದ್ದರೆ ಗಾಬರಿ ಆಗುವುದಿಲ್ಲ. ಅವರು ಹಾಡಿದ್ದು ಜೈಪುರ-ಅತ್ರೌಲಿ ಘರಾಣೆಯ, ಅಂದರೆ ಆ ಗುರುಪರಂಪರೆಯ ರೀತಿ. ನೀವು ಕರ್ನಾಟಕ ಸಂಗೀತ ಕೇಳಿ ಬೆಳೆದವರು, ಮೊದಲು ರಾಗಾಲಾಪನೆ ಆಮೇಲೆ ಕೃತಿ ಅಂತ ಕಾಯುತ್ತೀರಿ. ಇಲ್ಲಿ ಹಾಗಲ್ಲ, ಸ್ವಲ್ಪ ಹೊತ್ತು ಸ್ವರ ಹಿಡಿದು ಸೀದಾ ಹಾಡಿಗೆ, ಅಂದರೆ ಬಂದಿಶ್‌ಗೆ ಬರುತ್ತಾರೆ, ತಬಲಾ ಸೇರಿಕೊಳ್ಳುತ್ತದೆ, ರಾಗ ಬೆಳೆಯುವುದೆಲ್ಲ ತಾಳದ ಒಳಗೇ. ಜಾಸ್ತಿ ಸಿಗುವುದು ತೀನ್‌ತಾಲ, ಅಂದರೆ 16 ಮಾತ್ರೆಯ (ಎಣಿಕೆಯ) ತಾಳ. ಬಂದಿಶ್‌ನ ಮೊದಲ ತುಣುಕಿಗೆ ಮುಖಡಾ ಅನ್ನುತ್ತಾರೆ. ಅವರು ಎಲ್ಲೆಲ್ಲೋ ಹೋಗಿ ಬಂದು ಆ ಮುಖಡಾ ಹಿಡಿದು ಸಮ್‌ಗೆ, ಅಂದರೆ ಆವರ್ತನದ (ತಾಳದ ಒಂದು ಸುತ್ತಿನ) ಮೊದಲ ಮಾತ್ರೆಗೆ ಬಂದು ನಿಲ್ಲುತ್ತಾರೆ. ಆ ಒಂದು ಜಾಗ ಕಿವಿಗೆ ಸಿಕ್ಕರೆ ಸಾಕು. ಮುಂದಿನ ಆವರ್ತನದಲ್ಲಿ ಇನ್ನೇನು ಸಮ್ ಬಂತು ಅಂತ ನೀವೇ ಕಾಯಲು ಶುರು ಮಾಡುತ್ತೀರಿ, ಅವರು ಕೊನೆಯ ಗಳಿಗೆಯವರೆಗೂ ತಾನ್ (ವೇಗದ ಸ್ವರಗಳ ಓಟ) ಬಿಡದೆ ಬಂದು ಸರಿಯಾಗಿ ಅಲ್ಲೇ ಇಳಿಯುತ್ತಾರೆ, ನಿಮಗೆ ಗೊತ್ತಿಲ್ಲದೆ ಬಾಯಿಂದ ‘ಆಹಾ’ ಬಂದಿರುತ್ತದೆ.

ಇನ್ನೊಂದು. ದಿನಕ್ಕೊಂದು ರಾಗ ಅಂತ ಓಡಬೇಡಿ. ಒಂದೇ ರೆಕಾರ್ಡಿಂಗ್ ಇಟ್ಟುಕೊಂಡು ವಾರಗಟ್ಟಲೆ ಕೇಳಿ. ನಾನು ಯಮನ್ ಒಂದನ್ನೇ ಹಾಗೆ ಕೇಳಿದೆ. ಮೊದಮೊದಲು ಬರೀ ತಾನ್‌ಗಳ ರಭಸ ಕೇಳಿಸುತ್ತಿತ್ತು. ನಿಧಾನವಾಗಿ ಅವರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ, ಯಾವ ಸ್ವರಕ್ಕೆ ಹೋಗದೆ ತಡೆದು ಇಡುತ್ತಾರೆ, ಕೊನೆಗೆ ಮೇಲಿನ ಷಡ್ಜಕ್ಕೆ ಯಾವಾಗ ಹೋಗುತ್ತಾರೆ, ಇದೆಲ್ಲ ಬಿಡಿಬಿಡಿಯಾಗಿ ಕೇಳಿಸಿತು.

ಮಲ್ಲೇಶ್ವರದಿಂದ

ಕರ್ನಾಟಕ ಸಂಗೀತ ಗೊತ್ತಿದ್ದರೆ ಅರ್ಧ ದಾರಿ ಬಂದ ಹಾಗೆಯೇ. ಯಮನ್ ಹೆಚ್ಚುಕಡಿಮೆ ನಮ್ಮ ಕಲ್ಯಾಣಿ. ಭೂಪ್ ಅಂದರೆ ಮೋಹನ. ಮಾಲ್ಕಂಸ್ ಅಂದರೆ ಹಿಂದೋಳ. ಅವರ ಭೈರವ್ ನಮ್ಮ ಮಾಯಾಮಾಳವಗೌಳದ ಸ್ವರಗಳು. ತೋಡಿಯಲ್ಲಿ ಮಾತ್ರ ಹುಷಾರು, ಹಿಂದೂಸ್ತಾನಿ ತೋಡಿಯ ಸ್ವರಗಳು ನಮ್ಮ ಶುಭಪಂತುವರಾಳಿಗೆ ಹತ್ತಿರ. ನಮ್ಮ ತೋಡಿಯ ಸ್ವರಗಳು ಬೇಕಾದರೆ ಅವರ ಭೈರವಿಯಲ್ಲಿ ಸಿಗುತ್ತವೆ. ಸ್ವರ ಒಂದೇ ಆದರೂ ಗಮಕ (ಸ್ವರವನ್ನು ತೂಗುವ ರೀತಿ), ನಡೆ ಬೇರೆ, ಅದನ್ನು ಕಿವಿಯೇ ಹೇಳುತ್ತದೆ.

ಇದಾದ ಮೇಲೆ ಮನ್ಸೂರರ ಸಂಪೂರ್ಣ ಮಾಲ್ಕಂಸ್ ಹುಡುಕಿ ಕೇಳಿ. ಐದು ಸ್ವರದ ಮಾಲ್ಕಂಸ್‌ಗೆ ರಿಷಭ, ಪಂಚಮ ಎರಡೂ ಸೇರುತ್ತವೆ. ಹಿಂದೋಳದಲ್ಲಿ ಆ ಎರಡು ಸ್ವರ ಇಲ್ಲವೇ ಇಲ್ಲ ಅಂತ ರೂಢಿಯಾದ ನಮಗೆ ಅಲ್ಲಿ ಪಂಚಮ ಕೇಳಿದಾಗ ಆಗುವ ಅನುಭವ ಬರೆಯಲು ನನಗೆ ಬರುವುದಿಲ್ಲ. ಶಿವಮತ ಭೈರವ್, ಬಸಂತಿ ಕೇದಾರ್, ಖಟ್ ಇವೆಲ್ಲ ಆಮೇಲೆ. ಬಸಂತಿ ಕೇದಾರ್ ಜೋಡುರಾಗ, ಬಸಂತ್ ಮತ್ತು ಕೇದಾರ್ ಎರಡೂ ಒಟ್ಟಿಗೆ. ಮೊದಲು ಅವೆರಡನ್ನೂ ಬೇರೆ ಬೇರೆಯಾಗಿ ಕೇಳಿರಿ.

ಬೆಳ್ಳಂದೂರಿನಿಂದ

ಬಸವನಗುಡಿಯ ಸರ್ ಹೇಳಿದ್ದಕ್ಕೆ ನನ್ನದು ಸ್ವಲ್ಪ ಬೇರೆ ಮಾತು. ಮಾತ್ರೆ, ಸಮ್ ಇವನ್ನೆಲ್ಲ ಮೊದಲ ದಿನವೇ ಹಿಡಿಯಲು ಹೋದರೆ ಲೆಕ್ಕದಲ್ಲೇ ಮನಸ್ಸು ಸಿಕ್ಕಿಕೊಳ್ಳುತ್ತದೆ. ಸುಮ್ನೆ ಕೇಳಿ, ಸಮ್ ತಾನಾಗಿ ಸಿಗುತ್ತದೆ. ನಾನು ಆಫೀಸಿಗೆ ಹೋಗುವಾಗ ಔಟರ್ ರಿಂಗ್ ರೋಡಿನ ಬಸ್ಸಲ್ಲಿ ಕೇಳುತ್ತೇನೆ, ಟ್ರಾಫಿಕ್ ಇರುವುದರಿಂದ ಒಂದು ದೊಡ್ಡ ಖಯಾಲ್ ಪೂರ್ತಿ ಮುಗಿಯುತ್ತದೆ. ಇಯರ್‌ಫೋನ್ ಮಾತ್ರ ಒಳ್ಳೆಯದು ಇರಲಿ. ಫೋನಿನ ಸ್ಪೀಕರಿನಲ್ಲಿ ತಂಬೂರಿ ಕೇಳುವುದೇ ಇಲ್ಲ, ತಂಬೂರಿ ಇಲ್ಲದೆ ಅವರ ದನಿ ಒಣಗಿದ ಹಾಗೆ ಇರುತ್ತದೆ.

ವಿಜಯನಗರದಿಂದ, ಊರು ಧಾರವಾಡದ ಕಡೆ

ಅಕ್ಕಾವ್ರೇ, ತಡವಾಯಿತು ಅನ್ನುವ ಯೋಚನೆ ಇದ್ದರೆ ಅವರ ಕಥೆ ಸ್ವಲ್ಪ ನೋಡಿ. ಹುಟ್ಟಿದ್ದು 1910ರಲ್ಲಿ, ಧಾರವಾಡದ ಹತ್ತಿರದ ಮನ್ಸೂರಿನಲ್ಲಿ. ಹುಡುಗರಾಗಿದ್ದಾಗ ನಾಟಕ ಕಂಪನಿ. ಅಪ್ಪಯ್ಯ ಸ್ವಾಮಿಗಳ ಹತ್ತಿರ ಮೊದಲು ಕಲಿತದ್ದು ನಿಮ್ಮ ಕರ್ನಾಟಕ ಸಂಗೀತವನ್ನೇ! ಆಮೇಲೆ ಮಿರಜಿನ ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಘರಾಣೆಯ ಪಾಠ. ಆನಂತರ ಜೈಪುರ-ಅತ್ರೌಲಿ ಘರಾಣೆಯ ಅಲ್ಲಾದಿಯಾ ಖಾನರ ಮಗ ಮಂಜಿ ಖಾನರು ಸಿಕ್ಕರು, ಹಾಡಿಕೆಯ ದಾರಿಯೇ ಬದಲಾಯಿತು. ಮಂಜಿ ಖಾನರು 1937ರಲ್ಲಿ ತೀರಿಕೊಂಡ ಮೇಲೆ ಅವರ ತಮ್ಮ ಭೂರ್ಜಿ ಖಾನರ ಹತ್ತಿರ ಕಲಿಕೆ ಮುಂದುವರಿಸಿದರು. ಇಷ್ಟೆಲ್ಲ ಆದರೂ ದೇಶ ಅವರನ್ನು ಸರಿಯಾಗಿ ಕೇಳಿದ್ದು ಅವರಿಗೆ ಅರವತ್ತರ ಹತ್ತಿರ ಆದ ಮೇಲೆ. ಪದ್ಮಶ್ರೀ 1970ರಲ್ಲಿ, ಪದ್ಮಭೂಷಣ 1976ರಲ್ಲಿ, ಪದ್ಮವಿಭೂಷಣ 1992ರಲ್ಲಿ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಹೋಗಿಬಿಟ್ಟರು.

‘ನನ್ನ ರಸಯಾತ್ರೆ’ ಅಂತ ಅವರದೇ ಆತ್ಮಕಥೆ ಕನ್ನಡದಲ್ಲಿದೆ, ಓದಿ. ಧಾರವಾಡಕ್ಕೆ ಹೋದರೆ ಅವರ ಮನೆ ‘ಮೃತ್ಯುಂಜಯ’ವನ್ನು ತಪ್ಪದೆ ನೋಡಿ ಬನ್ನಿ, ಈಗ ಸ್ಮಾರಕವಾಗಿದೆ.

ಜಯನಗರದಿಂದ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇನ್ನೊಂದೇ ಪ್ರಶ್ನೆ. ಹಳೆಯ ಪ್ಲೇಟುಗಳ ಕಾಲದ ಹಾಡು ಕೇಳಲಾ, ವಯಸ್ಸಾದ ಮೇಲಿನದಾ?

ವಿಜಯನಗರದಿಂದ

ವಯಸ್ಸಾದ ಮೇಲಿನದನ್ನೇ ಮೊದಲು ಕೇಳಿ ಅಕ್ಕಾವ್ರೇ. ಹಳೆಯ 78 ಆರ್‌ಪಿಎಂ ಪ್ಲೇಟಿನಲ್ಲಿ ಒಂದು ಮಗ್ಗುಲಿಗೆ ಮೂರು ನಿಮಿಷದ ಆಸುಪಾಸು ಅಷ್ಟೇ ಜಾಗ, ರಾಗ ಬಿಚ್ಚುವಷ್ಟರಲ್ಲಿ ಮುಗಿಯುತ್ತದೆ. ಆಕಾಶವಾಣಿಗೆ, ಸಭೆಗಳಲ್ಲಿ ಹಾಡಿದ್ದರಲ್ಲಿ ಅವರು ಬಿಡುವಾಗಿ ಸಿಗುತ್ತಾರೆ. ಕೆಲವದರಲ್ಲಿ ಹಿಂದೆ ಮಗ ರಾಜಶೇಖರ ಮನ್ಸೂರರ ದನಿಯೂ ಇದೆ. ಪ್ಲೇಟುಗಳನ್ನು ಆಮೇಲೆ ಕೇಳಿ, ಆಗ ಆ ಮೂರು ನಿಮಿಷದಲ್ಲಿ ಎಷ್ಟು ತುಂಬಿಸಿದ್ದಾರೆ ಅಂತ ಗೊತ್ತಾಗುತ್ತದೆ.

ಬಸವನಗುಡಿಯಿಂದ

ಇದಕ್ಕೆ ನನ್ನದೂ ಒಪ್ಪಿಗೆ. ಜೊತೆಗೆ ಎದುರು ಕೂತು ಕೇಳುವುದನ್ನೂ ಬಿಡಬೇಡಿ ಮೇಡಂ. ರಾಮನವಮಿ ಕಚೇರಿಗಳಲ್ಲಿ ಹಿಂದೂಸ್ತಾನಿಯೂ ಇರುತ್ತದೆ, ಜಾಗ ನಿಮಗೆ ಹೊಸದೇನಲ್ಲ. ಜೈಪುರ ಘರಾಣೆಯವರು ಯಾರಾದರೂ ಬಂದಾಗ ಮುಂದಿನ ಸಾಲಿನಲ್ಲಿ, ತಬಲಾದವರ ಕೈ ಕಾಣುವ ಕಡೆ ಕೂತುಕೊಳ್ಳಿ.