ಪುಟ್ಟಿಯ ವಾರದ ಪಟ್ಟಿ, ನಮ್ಮನೆ ಗುಂಪಿನ ಜಗಳ

ಗುಂಪು: ನಮ್ಮನೆ ಮಂದಿ
ಮಂಗಳವಾರ ರಾತ್ರಿ

ಅಕ್ಕ 8:12
(ಫೋಟೊ)
ಪುಟ್ಟಿ ಕ್ಲಾಸ್ ಮಿಸ್ಸು ಕಳಿಸಿರೋ ಪಟ್ಟಿ ನೋಡಿ ಎಲ್ಲರೂ. ನಾಳೆ ಕನ್ನಡ ಉಕ್ತಲೇಖನ, ಒತ್ತಕ್ಷರದ ಹತ್ತು ಪದ. ಗುರುವಾರ 6, 7, 8ರ ಮಗ್ಗಿ ಒಪ್ಪಿಸಬೇಕು. ಶುಕ್ರವಾರ ಮೊಳಕೆ ಬಂದ ಕಾಳು, ಜೊತೆಗೆ ಮೂರು ದಿನದ ಚಿತ್ರ. ಸೋಮವಾರ "ನಮ್ಮ ಬೆಂಗಳೂರು" ಚಾರ್ಟ್. ಮೂರನೇ ಕ್ಲಾಸು ಇದು, ಐಎಎಸ್ ಅಲ್ಲ!

ಚಿಕ್ಕಪ್ಪ 8:15
ಇಷ್ಟೇನಾ? ನಾವು ಮೂರನೇ ಕ್ಲಾಸಲ್ಲಿ ಇಪ್ಪತ್ತರ ತನಕ ಮಗ್ಗಿ ಹೇಳ್ತಿದ್ವಿ. ತಪ್ಪಿದ್ರೆ ಬೆಂಚಿನ ಮೇಲೆ ನಿಲ್ಲಿಸೋರು.

ನಾನು 8:16
ಹೋದ ಭಾನುವಾರ ಹೋಟೆಲ್ ಬಿಲ್ ಕೂಡೋಕೆ ಫೋನ್ ತೆಗೆದಿದ್ದು ಯಾರು ಚಿಕ್ಕಪ್ಪ?

ಚಿಕ್ಕಪ್ಪ 8:16
ನಮ್ಮ ಮಗ್ಗಿ ಪುಸ್ತಕದಲ್ಲಿ ಜಿಎಸ್‌ಟಿ ಇರಲಿಲ್ಲ ಕಣೋ.

ಭಾವ 8:24
ಮೆಟ್ರೋದಲ್ಲಿ ನಿಂತ್ಕೊಂಡೇ ಟೈಪ್ ಮಾಡ್ತಿದೀನಿ. 2020ರ ಶಾಲಾ ಬ್ಯಾಗ್ ನೀತಿ ಅಂತ ಒಂದಿದೆ. ಒಂದು, ಎರಡನೇ ಕ್ಲಾಸಿಗೆ ಹೋಮ್‌ವರ್ಕೇ ಬೇಡ, ಮೂರರಿಂದ ಐದಕ್ಕೆ ವಾರಕ್ಕೆ ಹೆಚ್ಚೆಂದ್ರೆ 2 ಗಂಟೆ. ಬ್ಯಾಗು ಮಗು ತೂಕದ ಶೇ 10 ದಾಟಬಾರದು. ಪುಟ್ಟಿ 24 ಕೆಜಿ. ನಿನ್ನೆ ಬ್ಯಾಗ್ ತೂಗಿದೆ, 4 ಕೆಜಿ 300 ಗ್ರಾಂ! ಮಿಸ್ಸಿಗೇನು, ಟೈಪ್ ಮಾಡಿ ಕಳಿಸಿಬಿಡ್ತಾರೆ.

ದೊಡ್ಡಮ್ಮ 8:27
ತೂಗಿದ್ದು ಸರಿ ಅಳಿಯಂದ್ರೇ. ಬಿಚ್ಚಿ ನೋಡಿದ್ರಾ?

ಅಕ್ಕ 8:33
ಈಗ ಬಿಚ್ಚಿದೆ ದೊಡ್ಡಮ್ಮ. ಒಂದು ಲೀಟರಿನ ಸ್ಟೀಲ್ ಬಾಟ್ಲು, ಹೋದ ತಿಂಗಳೇ ವಾಪಸ್ ಕೊಡಬೇಕಿದ್ದ ಎರಡು ಲೈಬ್ರರಿ ಪುಸ್ತಕ, ತುಂಬಿಹೋದ ಗಣಿತದ ನೋಟ್‌ಬುಕ್ಕು. ಒಂದು ಕಲ್ಲು.

ನಾನು 8:33
ಕಲ್ಲಾ?

ಅಕ್ಕ 8:34
ಲಾಲ್‌ಬಾಗಲ್ಲಿ ಬಂಡೆ ಹತ್ರ ಎತ್ಕೊಂಡಿದ್ದಂತೆ. "300 ಕೋಟಿ ವರ್ಷದ್ದಮ್ಮಾ, ಎಸೀಬೇಡ" ಅಂತ ಅಳ್ತಿದಾಳೆ.

ಚಿಕ್ಕಪ್ಪ 8:35
ಸರಿಯಾಗೇ ಹೇಳಿದಾಳೆ. ಆ ಬಂಡೆ ಅಷ್ಟೇ ಹಳೇದು. ಎಸೀಬೇಡಿ.

ದೊಡ್ಡಮ್ಮ 8:41
ನೋಡಿ, ಮೂವತ್ತು ವರ್ಷ ಸರ್ಕಾರಿ ಶಾಲೇಲಿ ಪಾಠ ಮಾಡಿದೋಳು ನಾನು. ಕೊನೇ ವರ್ಷಗಳಲ್ಲಿ ನಲಿ-ಕಲಿ, ಅಂದ್ರೆ ಒಂದು, ಎರಡು, ಮೂರನೇ ಕ್ಲಾಸು ಒಂದೇ ಕೋಣೇಲಿ. ಶಿಕ್ಷಣ ಹಕ್ಕು ಕಾಯ್ದೇಲಿ ಮೇಷ್ಟ್ರಿಗೆ ವಾರಕ್ಕೆ 45 ಗಂಟೆ ಕೆಲಸ ಅಂತ ಬರೆದಿದೆ, ತಯಾರಿನೂ ಸೇರಿ. ಆ ತಯಾರಿ ಹೇಗಿರುತ್ತೆ ಗೊತ್ತಾ? ಮೂವತ್ತು ಉಕ್ತಲೇಖನದ ಪುಸ್ತಕ ಇಟ್ಕೊಂಡು ಕೂತ್ರೆ, "ಅಪ್ಪ" ಅಂತ ಬರೆಯೋ ಕಡೆ "ಅಪ" ಅಂತ ಬರೆದೋರು ಒಂಬತ್ತು ಜನ. ಒತ್ತು ಬಿಟ್ಟೋರಿಗೆ ಬೇರೆ, ದೀರ್ಘ ಬಿಟ್ಟೋರಿಗೆ ಬೇರೆ ಹೇಳಿಕೊಡಬೇಕು. ಟೈಪ್ ಮಾಡಿ ಕಳಿಸಿಬಿಡ್ತಾರೆ ಅಂದ್ರಲ್ಲ, ಬೇಜಾರಾಯ್ತು.

ಭಾವ 8:43
ಸಾರಿ ಅತ್ತೆ. ನಿಮ್ಮನ್ನ ಅಂದಿದ್ದಲ್ಲ.

ದೊಡ್ಡಮ್ಮ 8:44
ಇರ್ಲಿ. ಪಟ್ಟಿ ಯಾವತ್ತು ಬಂತು?

ಅಕ್ಕ 8:49
ಶನಿವಾರ.

ನಾನು 8:49
😶

ಅಕ್ಕ 8:50
ಏನೋ ಅದು ಮುಖ? ಶನಿವಾರ ಮದುವೆಗೆ ಹೋಗಿರಲಿಲ್ವಾ ಎಲ್ಲಾ? ನೀನು ಮಕ್ಕಳಾದ ಮೇಲೆ ಮಾತಾಡು.

ಚಿಕ್ಕಪ್ಪ 8:53
ಚಾರ್ಟ್ ಚಿಂತೆ ಬಿಡು. ನಾನೇ ಗೂಗಲ್ಲಿಂದ ಕಲರ್ ಪ್ರಿಂಟ್ ತೆಗೆಸಿ ಅಂಟಿಸಿಕೊಡ್ತೀನಿ.

ದೊಡ್ಡಮ್ಮ 8:54
ಮಾರ್ಕ್ಸ್ ಯಾರಿಗೆ, ನಿಮಗಾ? ಭಾನುವಾರ ಬೆಳಿಗ್ಗೆ ಅವಳನ್ನ ಕೆಂಪಾಂಬುಧಿ ಕೆರೆ ಹತ್ರದ ಕೆಂಪೇಗೌಡ ಗೋಪುರಕ್ಕೆ ಕರ್ಕೊಂಡು ಹೋಗಿ, ಅಲ್ಲಿಂದ ಲಾಲ್‌ಬಾಗಿನ ಗೋಪುರಕ್ಕೆ. ಇನ್ನೆರಡು ಮೇಖ್ರಿ ವೃತ್ತದಲ್ಲಿ, ಹಲಸೂರು ಕೆರೆ ಹತ್ರ. ನಾಲ್ಕು ಗಡಿಗೋಪುರ ಸೊಟ್ಟಗೆ ಬರೆದ್ರೂ ಅವಳೇ ಬರೀಲಿ.

ಚಿಕ್ಕಪ್ಪ 8:56
ಆಯ್ತು ಅತ್ತಿಗೆ. ತಿಂಡಿ ಖರ್ಚು ಅಳಿಯಂದ್ರದ್ದು.

ದೊಡ್ಡಮ್ಮ 8:57
ಅವಸರದ್ದು ಕಾಳು. ಮಗ್ಗಿನ ರಾತ್ರಿ ಕೂತು ಉರು ಹೊಡೀಬಹುದು, ಮೊಳಕೇನ ಹಾಗೆ ಮಾಡಕ್ಕಾಗಲ್ಲ. ಇವತ್ತು ರಾತ್ರಿ ನೆನೆಸಿದ್ರೆ ನಾಳೆ ಉಬ್ಬಿರೋದು ಬರೀತಾಳೆ. ನೀರು ಬಸಿದು ಒದ್ದೆ ಬಟ್ಟೇಲಿ ಕಟ್ಟಿಡಿ, ಗುರುವಾರ ಬಿಳೀ ಬಾಲ, ಶುಕ್ರವಾರ ಉದ್ದ ಮೊಳಕೆ. ಬಟ್ಟೆ ಒಣಗಬಾರದು, ಅಷ್ಟೆ.

ಭಾವ 9:26
(ಫೋಟೊ)
ಮನೆಗೆ ಬಂದ ತಕ್ಷಣ ನೆನೆಸಿದೆ ಅತ್ತೆ. ಇಷ್ಟು ಸಾಕಾ?

ದೊಡ್ಡಮ್ಮ 9:28
ಇದು ಹಳದಿ ಇದೆಯಲ್ಲ?

ನಾನು 9:28
ಭಾವ ಅದು ಹೆಸರುಬೇಳೆ!! 😂😂

ಭಾವ 9:29
ಎರಡೂ ಒಂದೇ ಅಲ್ವಾ?

ದೊಡ್ಡಮ್ಮ 9:31
ಬೇಳೆ ಒಡೆಯೋವಾಗ ಮೊಳಕೆ ಬರೋ ಜಾಗ ಮುರಿದುಹೋಗಿರುತ್ತೆ. ಶುಕ್ರವಾರಕ್ಕಲ್ಲ, ಯುಗಾದಿಗೂ ಬರಲ್ಲ. ಅದರಲ್ಲಿ ಕೋಸಂಬರಿ ಮಾಡಿ.

ಅಕ್ಕ 9:32
ಮನೇಲಿ ಇಡೀ ಹೆಸರುಕಾಳಿಲ್ಲ. ಬೀದಿ ಅಂಗಡಿ ಮುಚ್ಚಿದಾರೆ. ಆ್ಯಪ್‌ನಲ್ಲೂ ಸ್ಟಾಕ್ ಇಲ್ಲ ಅಂತ ಬರ್ತಿದೆ.

ಪುಟ್ಟಿ (ಅಕ್ಕನ ಫೋನಿಂದ) 9:34
ದೊಡ್ಡಜ್ಜಿ ಅಪ್ಪನ ಬೇಳೆನೂ ತಗೊಂಡು ಹೋಗ್ಲಾ. ಅದ್ಯಾಕೆ ಬರ್ಲಿಲ್ಲ ಅಂತ ಬರೀತೀನಿ

ದೊಡ್ಡಮ್ಮ 9:35
ತಗೊಂಡು ಹೋಗು ಬಂಗಾರಿ. ಕೆಳಗೆ ಅಪ್ಪನ ಹೆಸರೂ ಬರಿ.

ಚಿಕ್ಕಪ್ಪ 9:37
ನಮ್ಮನೇಲಿ ಅರ್ಧ ಕೆಜಿ ಹೆಸರುಕಾಳಿದೆ. ಹತ್ತು ಗಂಟೆಗೆ ಗೇಟ್ ಬೀಗ ಹಾಕ್ತೀನಿ, ಅಳಿಯಂದ್ರು ಬೇಗ ಸ್ಕೂಟರ್ ತೆಗೀಲಿ.

ಭಾವ 9:38
ಹೊರಟೆ. ಸಣ್ಣಮಾವ, ಹಸಿರಾಗಿರುತ್ತಲ್ವಾ ಅದು?