ಕ್ಯಾಂಪರ್ ವ್ಯಾನಿಗೆ ಕರೆಂಟು: ನಮ್ಮ ಕರಾವಳಿಯಲ್ಲಿ ಸೋಲಾರ್ ಒಂದೇ ಸಾಕಾ?

ಸುರತ್ಕಲ್‌ನಿಂದ ಕೇಳಿದ್ದು:
ಟೆಂಪೊ ಟ್ರಾವೆಲರನ್ನು ಕ್ಯಾಂಪರ್ (ಒಳಗೇ ಮಲಗಿ, ಅಡುಗೆ ಮಾಡಿ ಇರುವ ಗಾಡಿ) ಮಾಡಿಸ್ತಾ ಉಂಟು. 12 ವೋಲ್ಟಿನ 40 ಲೀಟರ್ ಫ್ರಿಜ್, ಎರಡು ಫ್ಯಾನ್, ಲೈಟು, ಲ್ಯಾಪ್‌ಟಾಪ್. ಮಲ್ಪೆ, ಮರವಂತೆ ಕಡೆ ಪ್ಲಗ್ ಇಲ್ಲದೆ ಎರಡು ದಿನ ನಿಲ್ಲಬೇಕು, ಮಳೆಗಾಲದಲ್ಲೂ. 150 ಎಎಚ್ (ಆಂಪಿಯರ್-ಅವರ್) ಟ್ಯೂಬ್ಯುಲರ್ ಬ್ಯಾಟರಿ, ಅಂದರೆ ಮನೆ ಇನ್ವರ್ಟರಿನ ನೀರು ಹಾಕುವ ಬ್ಯಾಟರಿ, 200 ವ್ಯಾಟ್ ಪ್ಯಾನೆಲ್ ಸಾಕಾ? ಇಂಡಕ್ಷನ್ ನಡೀತದಾ? ಅನುಭವ ಇದ್ದವರು ಹೇಳಿ.

ಮಣಿಪಾಲದಿಂದ:
ಸಾಕಾಗುದಿಲ್ಲ ಮಾರಾಯ್ರೆ. ಮೊದಲು ಲೆಕ್ಕ ಹಾಕಿ. ಫ್ರಿಜ್ 45 ವ್ಯಾಟ್, ನಮ್ಮ ಸೆಖೆಗೆ ದಿನದಲ್ಲಿ ಅರ್ಧ ಹೊತ್ತು ಓಡ್ತದೆ, 540 ವ್ಯಾಟ್-ಅವರ್. 25 ವ್ಯಾಟಿನ ಎರಡು ಫ್ಯಾನ್ 8 ಗಂಟೆಗೆ 400, ಲ್ಯಾಪ್‌ಟಾಪ್ 180, ಲೈಟು 40. ಒಟ್ಟು ದಿನಕ್ಕೆ ಸುಮಾರು 1.2 ಯೂನಿಟ್ (ಸಾವಿರ ವ್ಯಾಟ್-ಅವರ್ ಅಂದರೆ ಒಂದು ಯೂನಿಟ್). 150 ಎಎಚ್ ಟ್ಯೂಬ್ಯುಲರಿನಲ್ಲಿ 1.8 ಯೂನಿಟ್ ಇದ್ದರೂ ಅರ್ಧಕ್ಕಿಂತ ಕೆಳಗಿಳಿಸಿದರೆ ಬೇಗ ಹಾಳು. ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡ್ತದೆ, ಮಲಗುವ ಮಂಚದ ಅಡಿಗೆ ಇಡುವ ಸಾಮಾನಲ್ಲ ಅದು. 200 ಎಎಚ್ ಲಿಥಿಯಂ ಐರನ್ ಫಾಸ್ಫೇಟ್ ಹಾಕಿ, 2.3 ಯೂನಿಟ್ ಕೈಗೆ ಸಿಗ್ತದೆ, ಬಿಸಿಲೇ ಇಲ್ಲದಿದ್ದರೂ ಎರಡು ದಿನ ಸುಧಾರಿಸ್ತದೆ.

ಪ್ಯಾನೆಲ್ 400 ವ್ಯಾಟ್ ಬೇಕು. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ದಿನಕ್ಕೆ 1.2 ಯೂನಿಟ್ ಧಾರಾಳ. ಆಟಿಯ (ಜುಲೈ-ಆಗಸ್ಟ್) ಜಡಿಮಳೆಯ ದಿನ ಅದರ ಕಾಲುಭಾಗ ಬಂದರೆ ದೊಡ್ಡದು. 200ರ ಎರಡನ್ನು ಪ್ಯಾರಲಲ್ ಜೋಡಿಸಿ: ತೆಂಗಿನ ಮಡಲಿನ ನೆರಳು ಒಂದರ ಮೇಲೆ ಬಿದ್ದರೆ ಇನ್ನೊಂದಾದರೂ ದುಡಿಯಲಿ. ಎಂಪಿಪಿಟಿ ಕಂಟ್ರೋಲರ್ (ಪ್ಯಾನೆಲಿನಿಂದ ಆದಷ್ಟು ಕರೆಂಟು ಎಳೆದು ಬ್ಯಾಟರಿಗೆ ತುಂಬುವ ಪೆಟ್ಟಿಗೆ) 40 ಆಂಪಿಯರಿನದ್ದೇ ಇರಲಿ.

ಬ್ರಹ್ಮಾವರದಿಂದ:
ಮಳೆಗಾಲಕ್ಕೆ ನಿಜವಾದ ಪವರ್‌ಹೌಸ್ ನಿಮ್ಮ ಇಂಜಿನ್ನೇ. ಇಂಜಿನ್ ಓಡುವಾಗ ಅದರ ಆಲ್ಟರ್ನೇಟರಿನ (ಕರೆಂಟು ಮಾಡುವ ಭಾಗ) ಕರೆಂಟನ್ನು ಹದ ಮಾಡಿ ಲಿಥಿಯಂ ಬ್ಯಾಟರಿಗೆ ಕೊಡುವ 30 ಆಂಪಿಯರಿನ ಡಿಸಿ-ಡಿಸಿ ಚಾರ್ಜರ್ ಗಂಟೆಗೆ 0.4 ಯೂನಿಟ್ ತುಂಬ್ತದೆ, ಎರಡೂವರೆ ಗಂಟೆ ಓಡಿಸಿದರೆ ಒಂದು ಯೂನಿಟ್. ಬರೇ ರಿಲೇ ಹಾಕಿ ನೇರ ಕೊಡುವವರಿದ್ದಾರೆ, ಮಾಡಬೇಡಿ. ಲಿಥಿಯಂ ಸಿಕ್ಕಷ್ಟನ್ನೂ ಎಳೀತದೆ. ಟ್ರಾಫಿಕ್ಕಿನಲ್ಲಿ ಇಂಜಿನ್ ಐಡಲ್ ಇರುವಾಗ ಆಲ್ಟರ್ನೇಟರಿಗೆ ಗಾಳಿ ಸಾಲದೆ ವೈಂಡಿಂಗ್ ಸುಟ್ಟೀತು. ಹೊಸ ಗಾಡಿಗಳಲ್ಲಿ ಆಲ್ಟರ್ನೇಟರ್ ತಾನೇ ವೋಲ್ಟೇಜ್ ಇಳಿಸುವುದೂ ಉಂಟು, ಆಗ ಚಾರ್ಜೇ ಆಗುದಿಲ್ಲ.

ಐದು ಮೀಟರ್ ದೂರಕ್ಕೆ 16 ಸ್ಕ್ವೇರ್ ಎಂಎಂ ತಂತಿ. ಗಾಡಿ ಬ್ಯಾಟರಿಯ ಪಾಸಿಟಿವ್‌ನಿಂದ ಒಂದು ಗೇಣಿನೊಳಗೆ 60 ಆಂಪಿಯರ್ ಫ್ಯೂಸ್, ಲಿಥಿಯಂ ಕಡೆಗೂ ಒಂದು. ಒಂದೇ ಕಡೆ ಹಾಕಿದರೆ, ತಂತಿ ಚೇಸಿಸ್‌ಗೆ ಉಜ್ಜಿ ಶಾರ್ಟ್ ಆದ ದಿನ ಇನ್ನೊಂದು ಬ್ಯಾಟರಿಯಿಂದ ಬೆಂಕಿ ಹತ್ತುತ್ತದೆ. ಚಾರ್ಜರನ್ನು ಆನ್ ಮಾಡುವ ಟ್ರಿಗರ್ ತಂತಿಯನ್ನು ಇಗ್ನಿಷನ್ನಿಗೆ ಕೊಡಿ, ಇಲ್ಲದಿದ್ದರೆ ಗಾಡಿ ಬ್ಯಾಟರಿ ಖಾಲಿಯಾಗಿ ಬೆಳಿಗ್ಗೆ ಗಾಡಿ ದೂಡಬೇಕಾದೀತು.

ಇಂಡಕ್ಷನ್ ಮರೆತುಬಿಡಿ. 1800 ವ್ಯಾಟ್ ಅಂದರೆ 12 ವೋಲ್ಟಿನಲ್ಲಿ 150 ಆಂಪಿಯರಿಗಿಂತ ಹೆಚ್ಚು. ಬ್ಯಾಟರಿಯ ಬಿಎಂಎಸ್ (ಒಳಗೇ ಇರುವ ರಕ್ಷಣೆಯ ಸರ್ಕ್ಯೂಟ್) 100 ಆಂಪಿಯರಿನದ್ದಾದರೆ ಕುಚ್ಚಲಕ್ಕಿ ಬೇಯುವುದಿರಲಿ, ನೀರು ಬಿಸಿಯಾಗುವ ಮೊದಲೇ ಟ್ರಿಪ್. ಗ್ಯಾಸ್ ಒಲೆ ಇರಲಿ.

ಮಲ್ಪೆಯಿಂದ:
ಉಪ್ಪುಗಾಳಿಯ ವಿಷಯ ಯಾರೂ ಹೇಳಲಿಲ್ಲ. ಸಾದಾ ತಾಮ್ರದ ತಂತಿಯ ತುದಿಗೆ ಇಲ್ಲಿ ಬೇಗ ಹಸಿರು ಕಿಲುಬು ಹಿಡೀತದೆ. ಆಗುವುದೇನು? ಬ್ಯಾಟರಿಯಲ್ಲಿ 13 ವೋಲ್ಟ್ ತೋರಿಸ್ತದೆ, ಆದರೂ ರಾತ್ರಿ ಫ್ರಿಜ್ ಕಟ್ ಆಗ್ತದೆ. ಕಂಪ್ರೆಸರ್ ಓಡುವಾಗಲೇ ಫ್ರಿಜ್ಜಿನ ಪ್ಲಗ್ಗಿನಲ್ಲಿ ಮಲ್ಟಿಮೀಟರ್ ಇಟ್ಟು ನೋಡಿ. ಬ್ಯಾಟರಿಗಿಂತ ಅರ್ಧ ವೋಲ್ಟ್ ಕಡಿಮೆ ಇದ್ದರೆ ಯಾವುದೋ ಜಾಯಿಂಟ್ ಕೆಟ್ಟಿದೆ. ಬೋಟಿಗೆ ಹಾಕುವಂಥ ತವರ ಲೇಪದ ತಂತಿ, ಸರಿಯಾಗಿ ಕ್ರಿಂಪ್ ಮಾಡಿದ ಲಗ್, ಮೇಲೆ ಗಮ್ ಇರುವ ಹೀಟ್‌ಶ್ರಿಂಕ್ ಹಾಕಿಸಿ. ಪ್ಯಾನೆಲ್ ಮೇಲಿನ ಉಪ್ಪಿನ ಪದರವನ್ನು ಬೆಳಿಗ್ಗೆ ಬಿಸಿಲೇರುವ ಮೊದಲು ಸಿಹಿನೀರಿನಿಂದ ತೊಳೀರಿ.

ಸುರತ್ಕಲ್‌ನಿಂದ:
ಜನರೇಟರ್ ಇಟ್ಟುಕೊಂಡರೆ? ಲ್ಯಾಪ್‌ಟಾಪಿಗೆ ಇನ್ವರ್ಟರ್ ಬೇಡ್ವಾ?

ಮಣಿಪಾಲದಿಂದ:
ಜನರೇಟರಿನ ಹೊಗೆ ಕಿಟಕಿಯಿಂದ ಒಳಗೆ ಬಂದರೆ ಕಾರ್ಬನ್ ಮೊನಾಕ್ಸೈಡ್, ವಾಸನೆಯೇ ಇಲ್ಲ, ಮಲಗಿದವರು ಏಳ್ಲಿಕ್ಕಿಲ್ಲ. ಇನ್ವರ್ಟರ್ ಸುಮ್ಮನೆ ಆನ್ ಇದ್ದರೂ 15 ವ್ಯಾಟ್ ತಿಂದರೆ ದಿನಕ್ಕೆ 0.36 ಯೂನಿಟ್ ಹೋಯ್ತು. ಟೈಪ್-ಸಿ ಲ್ಯಾಪ್‌ಟಾಪಾದರೆ 12 ವೋಲ್ಟಿನ ಕಾರ್ ಚಾರ್ಜರೇ ಸಾಕು. ಮತ್ತೆ ಕಂಟ್ರೋಲರನ್ನು ಲಿಥಿಯಂ ಸೆಟ್ಟಿಂಗಿಗೆ ಹಾಕಿ, ಚಾರ್ಜಿಗೆ 14.2ರಿಂದ 14.4 ವೋಲ್ಟ್, ತುಂಬಿದ ಮೇಲೆ ಹಿಡಿದಿಡುವ ಫ್ಲೋಟ್ 13.5. ಈಕ್ವಲೈಸ್ (ಆಗಾಗ ಹೆಚ್ಚು ವೋಲ್ಟೇಜ್ ಕೊಡುವುದು) ಆಫ್ ಮಾಡ್ಲಿಕ್ಕೆ ಮರೀಬೇಡಿ, ಅದು ನೀರಿನ ಬ್ಯಾಟರಿಗೆ ಇರುವುದು.